ಒಬ್ಬೊಬ್ಬರಿಗೊಂದು ಬೀದಿ

ಟೈಲರಮ್ಮನ ಪಕ್ಷದವರು ಸಭೆಗೆಂದು ಹಿಟ್ಟಿನ ಗಿರಣಿಯ ಬೀದಿಗೆ ಹೋದಾಗ ಕುರ್ಚಿಗಳು ಆಗಲೇ ಬಂದು ಸಾಲಾಗಿ ನಿಂತಿದ್ದವು. ಜನ ಮಾತ್ರ ಬಂದಿರಲಿಲ್ಲ.

ಟೈಲರಮ್ಮ ಬಾವುಟಗಳನ್ನು ಕಂಬಕ್ಕೆ ಕಟ್ಟಿಸಿ, ಮೈಕಿನ ತಂತಿ ಎಳೆಸಿ, ಮೊದಲನೇ ಮನೆಯ ಬಾಗಿಲು ತಟ್ಟಿದಳು. ಒಳಗಿನಿಂದ ಒಬ್ಬ ಹೆಂಗಸು ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದಳು.

"ಸಭೆ ನಿನ್ನೆ ತಾನೇ ಆಯ್ತಲ್ಲಮ್ಮ."

"ನಿನ್ನೆ ಆಗಿದ್ದು ಎದುರು ಪಕ್ಷದವರದ್ದು. ಇದು ನಮ್ಮದು."

"ಇರಬಹುದು. ಚರಂಡಿ ವಿಷಯ ನಿನ್ನೆಯೇ ಕೇಳಿಬಿಟ್ವಿ. ಮಾಡಿಸ್ತೀವಿ ಅಂದ್ರು. ನೀವೇನು ಮಾಡಿಸಲ್ಲ ಅಂತೀರಾ? ನೀವೂ ಅದನ್ನೇ ಹೇಳೋದು. ಒಲೆ ಮೇಲೆ ಹಾಲಿದೆ, ಬರ್ತೀನಿ."

ಎರಡನೇ ಮನೆಯಲ್ಲೂ ಇದೇ ಮಾತು. ಮೂರನೇ ಮನೆಯವರು ಬಾಗಿಲನ್ನೇ ತೆಗೆಯಲಿಲ್ಲ. ಒಳಗೆ ಟೀವಿಯ ಸದ್ದು ತಗ್ಗಿದ್ದು ಮಾತ್ರ ಕೇಳಿಸಿತು. ಕೊನೆಗೆ ಸಭೆಗೆ ಬಂದವರು ಗಿರಣಿಯ ಕೂಲಿಗಳು ಮತ್ತು ಹೊತ್ತು ಹೋಗದ ಒಬ್ಬ ಮುದುಕ. ಮುದುಕ ಕೂತ ಕುರ್ಚಿಯ ಕೈ ಸೀಳಿ ಅವನ ಅಂಗೈ ತರಚಿತು. ಟೈಲರಮ್ಮನ ಚೀಲದಲ್ಲಿ ಸೂಜಿ ದಾರ ಯಾವಾಗಲೂ ಇರುತ್ತಿತ್ತು. ಬಾವುಟ ಕತ್ತರಿಸಿ ಉಳಿದ ನೇರಳೆ ಬಟ್ಟೆಯ ಪಟ್ಟಿಯನ್ನು ಸೀಳಿದ ಕಡೆ ಬಿಗಿಯಾಗಿ ಸುತ್ತಿ, ಹೊಲಿಗೆ ಹಾಕಿ, ಹಲ್ಲಿನಿಂದ ದಾರ ಕಡಿದಳು.

"ಕುರ್ಚಿಯವನೊಬ್ಬನೇ ವಾಸಿ ನೋಡಿ," ಅಂದ ಪಕ್ಷದ ವಾರ್ಡ್ ಅಧ್ಯಕ್ಷ. ಅವನಿಗೆ ಮಿಕ್ಸಿ ರಿಪೇರಿಯ ಅಂಗಡಿಯಿತ್ತು. ಮಾತಾಡುವಾಗಲೂ ಯಾವುದೋ ತಿರುಪು ಬಿಚ್ಚುತ್ತಿರುವವನಂತೆ ಬೆರಳು ಆಡಿಸುತ್ತಿದ್ದ. "ಹೇಳಿದ ಹೊತ್ತಿಗಿಂತ ಮುಂಚೆ ಕುರ್ಚಿ ತಂದು ಹಾಕಿರ್ತಾನೆ. ಉಳಿದವರೆಲ್ಲ ಲೇಟು."

"ನಾನೇ ಖುದ್ದಾಗಿ ಹೋಗಿ ಬುಕ್ ಮಾಡ್ತೀನಿ, ಅದಕ್ಕೆ," ಅಂದಳು ಟೈಲರಮ್ಮ.

ಅಧ್ಯಕ್ಷ ಖಾಲಿ ಕುರ್ಚಿಗಳ ಕಡೆ ನೋಡಿದ. "ಹೀಗಾಗ್ತಿರೋದು ಇದೇ ಮೊದಲಲ್ಲ ಅಕ್ಕ. ನಾವು ಭಾನುವಾರ ಅಂತ ಇಟ್ಕೊಂಡ ಬೀದಿಗೆ ಅವರು ಶನಿವಾರವೇ ಹೋಗಿರ್ತಾರೆ. ಬೀದಿ ನಿಶ್ಚಯ ಮಾಡೋದು ನಾನು, ನೀವು. ನಿಮ್ಮ ಮನೆ ಮೇಜಿನ ಮೇಲೆ. ನಾನು ನನ್ನ ಹೆಂಡ್ತಿಗೂ ಹೇಳಲ್ಲ."

ಇಷ್ಟು ಹೇಳಿ ಅವನು ಬಾವುಟ ಬಿಚ್ಚಲು ಹೋದ.

ರಾಜ್ಯದ ಚುನಾವಣೆಗೆ ಇನ್ನು ಕೆಲವೇ ವಾರಗಳಿದ್ದವು. ಪಕ್ಷಕ್ಕೆ ಆ ವಾರ್ಡಿನಲ್ಲಿ ಕಚೇರಿ ಅಂತ ಇರಲಿಲ್ಲ. ಟೈಲರಮ್ಮನ ಊಟದ ಮೇಜೇ ಕಚೇರಿ. ಒಂದು ತುದಿಯಲ್ಲಿ ಹೊಲಿಗೆ ಯಂತ್ರ, ಇನ್ನೊಂದು ತುದಿಯಲ್ಲಿ ತಟ್ಟೆಗಳು, ನಡುವೆ ಕರಪತ್ರದ ಕಟ್ಟುಗಳು. ಬೇರೆಯವರ ಬಟ್ಟೆ ಹೊಲಿದು ಬದುಕುವವಳು ಪಕ್ಷದ ಬಾವುಟಗಳನ್ನು ಬಿಟ್ಟಿ ಹೊಲಿದು ಕೊಡುತ್ತಿದ್ದಳು. ವಾರ್ಡಿನ ಮಹಿಳೆಯರ ತಂಡಕ್ಕೆ ಅವಳೇ ಮುಖ್ಯಸ್ಥೆ. ಮನೆಯಲ್ಲಿ ಯಜಮಾನರು ನಿವೃತ್ತ ಬಸ್ ಕಂಡಕ್ಟರು. ಬೀದಿಯವರಿಗೆ ಈಗಲೂ ಕಂಡಕ್ಟರೇ. ಮಗ ಗಾಜಿನಂಗಡಿಯಲ್ಲಿ ಗಾಜು ಕೊಯ್ಯುತ್ತಿದ್ದ. ಮಗಳು ಕಾಲೇಜು. ಸೊಸೆ ಮಾರುಕಟ್ಟೆ ಬೀದಿಯ ಔಷಧಿ ಅಂಗಡಿಯ ಕೌಂಟರಿನಲ್ಲಿ ಮಾತ್ರೆ ಮಾರುತ್ತಿದ್ದಳು.

ಮನೆ ಮನೆ ತಿರುಗುವುದರಲ್ಲಿ ಸೊಸೆಯನ್ನು ಮೀರಿಸುವವರು ವಾರ್ಡಿನಲ್ಲಿ ಇರಲಿಲ್ಲ. ಯಾರ ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಉಬ್ಬಸ, ಎಲ್ಲ ಅವಳಿಗೆ ಗೊತ್ತು. ಕರಪತ್ರ ಕೊಡುವ ಮೊದಲು ಕೆಮ್ಮು ಹೇಗಿದೆ ಅಂತ ಕೇಳುತ್ತಿದ್ದಳು. ಅವಳು ಪಕ್ಷಕ್ಕೆ ಬಂದದ್ದು ಅತ್ತೆಯ ಒತ್ತಾಯಕ್ಕಲ್ಲ. ವಾರ್ಡಿನ ಆರೋಗ್ಯ ಕೇಂದ್ರಕ್ಕೆ ಬೀಗ ಬಿದ್ದು ವರ್ಷ ಕಳೆದಿತ್ತು. ಜನ ಅವಳ ಕೌಂಟರಿಗೇ ಬಂದು ಎದೆನೋವಿಗೆ ಏನು ನುಂಗಲಿ ಅಂತ ಕೇಳುತ್ತಿದ್ದರು. ಪ್ರಚಾರದ ಕೊನೆಯ ಸಭೆಗೆ ಅಭ್ಯರ್ಥಿ ಖುದ್ದಾಗಿ ಬರುವವನಿದ್ದ. ಆವತ್ತು ವೇದಿಕೆ ಹತ್ತಿ, ಎಲ್ಲರೆದುರು, ಆ ಬೀಗ ಯಾವಾಗ ತೆಗೆಸ್ತೀರಿ ಅಂತ ಸೊಸೆ ಕೇಳಬೇಕು, ಅಭ್ಯರ್ಥಿ ಮೈಕಿನಲ್ಲೇ ಉತ್ತರ ಹೇಳಬೇಕು. ಹಾಗಂತ ಅಧ್ಯಕ್ಷ ಮಾತು ಕೊಟ್ಟಿದ್ದ. ಸೊಸೆ ತರಕಾರಿ ಹೆಚ್ಚುವಾಗ ಆ ಪ್ರಶ್ನೆಯನ್ನು ಬಾಯಲ್ಲೇ ತಿದ್ದಿ ತಿದ್ದಿ ಹೇಳಿಕೊಳ್ಳುತ್ತಿದ್ದಳು.

ಗಿರಣಿ ಬೀದಿಯಿಂದ ಬಂದ ಸಂಜೆ ಟೈಲರಮ್ಮ ಬೇಳೆ ಬಡಿಸುತ್ತಾ ಹೇಳಿದಳು. "ಈ ಮೇಜಿನ ಮಾತು ಹೊರಗೆ ಹೋಗ್ತಿದೆ."

"ನನ್ನನ್ನ ನೋಡ್ಬೇಡ," ಅಂದರು ಕಂಡಕ್ಟರು. "ನಾನು ಬಸ್ಸಿಂದ ಇಳಿದು ಎಷ್ಟೋ ವರ್ಷ ಆಯ್ತು. ಈಗ ಯಾರಿಗೂ ಟಿಕೆಟ್ ಹರಿದು ಕೊಡಲ್ಲ."

"ತಮಾಷೆ ಅಲ್ಲ ರೀ."

"ಅತ್ತಿಗೆ ಅಣ್ಣ ಅವರ ವ್ಯಾನ್ ಓಡಿಸ್ತಾರಲ್ವಾ?" ಅಂದಳು ಮಗಳು, ತಟ್ಟೆಯಿಂದ ಮುಖ ಎತ್ತದೆ. "ಸುಮ್ನೆ ನೆನಪಾಯ್ತು, ಹೇಳಿದೆ."

ಅದು ನಿಜ. ಸೊಸೆಯ ಅಣ್ಣ ಬಾಡಿಗೆ ಡ್ರೈವರು. ಎದುರು ಪಕ್ಷದ ಧ್ವನಿವರ್ಧಕದ ವ್ಯಾನನ್ನು ಈಗ ಅವನೇ ಓಡಿಸುತ್ತಿದ್ದ.

ಸೊಸೆ ಅನ್ನದ ಪಾತ್ರೆ ಕೆಳಗಿಟ್ಟಳು. "ಅವನು ವ್ಯಾನ್ ಓಡಿಸ್ತಾನೆ, ಪಕ್ಷ ಓಡಿಸಲ್ಲ. ಮೊನ್ನೆ ಮೊನ್ನೆವರೆಗೆ ಐಸ್‌ಕ್ರೀಮ್ ಕಂಪನಿಗೆ ಓಡಿಸ್ತಿದ್ದ. ಆಗ ಯಾರೂ ನನ್ನ ಐಸ್‌ಕ್ರೀಮ್ ಕಡೆಯವಳು ಅನ್ಲಿಲ್ಲ."

"ಯಾರು ಏನಂದ್ರು ಈಗ?" ಅಂದಳು ಟೈಲರಮ್ಮ.

"ಯಾರೂ ಏನೂ ಅನ್ಲಿಲ್ಲ ಅತ್ತೆ. ಅನ್ನ ಹಾಕ್ಲಾ?"

ಮಗ ಮಾತನ್ನೂ ಗಾಜಿನ ಹಾಗೆ ಎರಡೂ ಅಂಚು ನೋಡಿ ಹಿಡಿಯುವವನು. ಅವನು ನೋಡಿ ಮುಗಿಸುವಷ್ಟರಲ್ಲಿ ಊಟ ಮುಗಿದಿತ್ತು.

ಆಮೇಲಿನ ದಿನಗಳಲ್ಲಿ ಟೈಲರಮ್ಮನ ಕಣ್ಣು ಬಟ್ಟೆಯ ಮೇಲೆ, ಕಿವಿ ಅಡುಗೆಮನೆಯಲ್ಲಿ. ಸೊಸೆ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಪಾತ್ರೆ ತೊಳೆಯುತ್ತಿದ್ದರೆ ಇಲ್ಲಿ ಹೊಲಿಗೆ ಯಂತ್ರದ ಸದ್ದು ನಿಲ್ಲುತ್ತಿತ್ತು. ಯಂತ್ರದ ಸದ್ದು ನಿಂತದ್ದು ಕೇಳಿ ಸೊಸೆಯ ಮಾತೂ ನಿಲ್ಲುತ್ತಿತ್ತು. ಒಂದು ದಿನ ಅಣ್ಣ ತಂಗಿಗೆಂದು ಒಂದು ಚೀಲ ಕಿತ್ತಳೆ ತಂದುಕೊಟ್ಟು, ಒಳಗೆ ಬರದೆ, ಬಾಗಿಲಲ್ಲೇ ನಿಂತು ಹೋದ.

"ಯಾಕಂತೆ ಒಳಗೆ ಬರ್ಲಿಲ್ಲ?"

"ಅವನ ಅಂಗಿ ಮೇಲೆ ಅವರ ಪಕ್ಷದ ಚಿಹ್ನೆ ಇತ್ತಲ್ಲ ಅತ್ತೆ. ನಿಮಗೆ ಬೇಜಾರಾಗುತ್ತೆ ಅಂತ."

"ಮೊದಲೆಲ್ಲ ಬೇಜಾರಿನ ಯೋಚನೆ ಇರ್ಲಿಲ್ಲ ಅವನಿಗೆ," ಅಂದಳು ಟೈಲರಮ್ಮ. ಕಿತ್ತಳೆಯನ್ನು ಮಾತ್ರ ಅವಳು ಮುಟ್ಟಲಿಲ್ಲ. ಕಂಡಕ್ಟರು ಎರಡು ಸುಲಿದು ತಿಂದು, "ಹಣ್ಣಿನಲ್ಲಿ ಪಕ್ಷದ ರುಚಿ ಏನೂ ಇಲ್ಲ ಕಣೇ," ಅಂದರು.

ಆ ವಾರ ಟೈಲರಮ್ಮ ಒಂದು ಉಪಾಯ ಮಾಡಿದಳು. ಅಧ್ಯಕ್ಷನ ಜೊತೆ ಅವನ ಅಂಗಡಿಯಲ್ಲೇ ಕೂತು, ಭಾನುವಾರದ ನಿಜವಾದ ಸಭೆಯನ್ನು ನೀರಿನ ಟ್ಯಾಂಕಿನ ಬಯಲಿಗೆ ನಿಶ್ಚಯಿಸಿದಳು. ಅದನ್ನು ಯಾರಿಗೂ ಹೇಳುವಂತಿಲ್ಲ. ಕುರ್ಚಿ ಬೇಡ, ಮೈಕು ಬೇಡ, ನಿಂತೇ ಮಾತಾಡುವುದು. ಮನೆಯಲ್ಲಿ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಬೀದಿ ಹೇಳಿದಳು. ಗಂಡನಿಗೆ ಚಹಾ ಕೊಡುವಾಗ, ಈ ಸಲ ಅಂಚೆ ಕಚೇರಿ ಬೀದಿ ಅಂದಳು. ಮಗಳ ಹತ್ತಿರ ಶಾಲೆಯ ಹಿಂದಿನ ಬೀದಿ. ಸೊಸೆಯ ಹತ್ತಿರ ಸೌದೆ ಡಿಪೋ ಓಣಿ. ಮಗನಿಗೆ ಏನೂ ಹೇಳಲಿಲ್ಲ. ಹೆಂಡತಿಗೆ ಹೇಳಿದ್ದು ಅವನಿಗೂ, ಅವನಿಗೆ ಹೇಳಿದ್ದು ಹೆಂಡತಿಗೂ ಮುಟ್ಟುತ್ತದೆ ಅನ್ನುವುದು ಅವಳ ಲೆಕ್ಕ.

ಸೊಸೆಯ ಔಷಧಿ ಅಂಗಡಿ ಕುರ್ಚಿಯವನ ಅಂಗಡಿಗೆ ಎದುರೇ ಇತ್ತು. ಕುರ್ಚಿ ಬುಕ್ ಮಾಡದಿದ್ದರೆ ಅವಳಿಗೆ ಅನುಮಾನ ಬರಬಹುದು. ಸುಳ್ಳು ಹೇಳಿದರೂ ಅಂಚು ಮಡಚಿ ಹೊಲಿದು ಹೇಳಬೇಕು ಅನ್ನುವ ಪೈಕಿ ಟೈಲರಮ್ಮ. ಅವಳು ಕುರ್ಚಿಯವನ ಹತ್ತಿರ ಹೋಗಿ, ಭಾನುವಾರಕ್ಕೆ ಸೌದೆ ಡಿಪೋ ಓಣಿಗೆ ಅಂತ ಹೇಳಿ ಬಂದಳು. ಅಂಚೆ ಕಚೇರಿಗೂ ಶಾಲೆಗೂ ಅದರ ಅಗತ್ಯ ಕಾಣಲಿಲ್ಲ. ಕಂಡಕ್ಟರು ಜಗಲಿ ಬಿಟ್ಟು ಇಳಿಯುವವರಲ್ಲ, ಮಗಳು ಕುರ್ಚಿ ಬಂತೋ ಹೋಯಿತೋ ನೋಡುವವಳಲ್ಲ.

ಶನಿವಾರ ಸಂಜೆ ಅವಳು ಗುಂಡಿ ತರುವ ನೆಪದಲ್ಲಿ ಹೊರಟು, ಮೊದಲು ಅಂಚೆ ಕಚೇರಿ ಬೀದಿಗೆ ಹೋದಳು. ಅಲ್ಲಿ ಒಂದು ದನ ಬಿಟ್ಟರೆ ಯಾರೂ ಇರಲಿಲ್ಲ. ಶಾಲೆಯ ಹಿಂದೆ ಹುಡುಗರು ಚೆಂಡಾಡುತ್ತಿದ್ದರು. ಸೌದೆ ಡಿಪೋ ಓಣಿಯ ಬಾಯಿಗೆ ಬರುವ ಮೊದಲೇ ಅವಳಿಗೆ ಮೈಕು ಕೇಳಿಸಿತು. ಜನ ಓಣಿ ತುಂಬ ಬೆನ್ನು ತಿರುಗಿಸಿ ಕೂತಿದ್ದರು. ಓಣಿಯ ಬಾಯಲ್ಲೇ ವ್ಯಾನು. ವ್ಯಾನಿಗೆ ಒರಗಿ ನಿಂತಿದ್ದ ಸೊಸೆಯ ಅಣ್ಣ ಬೀಡಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಕ್ಕ.

"ಏನಮ್ಮಾ, ನೀವಿಲ್ಲಿ? ನಮ್ಮ ತಂಗಿ ಚೆನ್ನಾಗಿದ್ದಾಳಾ?"

"ಚೆನ್ನಾಗಿದ್ದಾಳೆ," ಅಂದಳು ಟೈಲರಮ್ಮ. "ತುಂಬಾ ಚೆನ್ನಾಗಿದ್ದಾಳೆ."

ಮರುದಿನ ನೀರಿನ ಟ್ಯಾಂಕಿನ ಬಯಲಿನ ಸಭೆ ತುಂಬಿತು. ಜನ ನಿಂತೇ ಕೇಳಿದರು. ಟೈಲರಮ್ಮನಿಗೆ ಇನ್ನು ಯಾವ ಪುರಾವೆಯೂ ಬೇಕಿರಲಿಲ್ಲ.

ಅವಳು ಊಟಕ್ಕೆ ಎಲ್ಲರೂ ಕೂರುವವರೆಗೆ ಕಾದಳು.

"ಸೌದೆ ಡಿಪೋ ಓಣಿ ಅಂತ ನಾನು ಹೇಳಿದ್ದು ಒಬ್ಬರಿಗೇ," ಅಂದಳು. "ನಿನ್ನೆ ಅವರು ಅಲ್ಲೇ ಇದ್ರು."

ಸೊಸೆಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು. "ನನಗೊಬ್ಬಳಿಗೇ ಬೇರೆ ಬೀದಿ ಹೇಳಿದ್ರಾ?"

"ನಿಜ ತಿಳ್ಕೊಳ್ಳೋಕೆ ಬೇರೆ ದಾರಿ ಇರ್ಲಿಲ್ಲ."

"ಕೇಳ್ಬಹುದಿತ್ತು."

"ಕೇಳಿದ್ರೆ ಇಲ್ಲ ಅಂತಿದ್ದೆ."

"ಹೌದು, ಇಲ್ಲ ಅಂತಲೇ ಹೇಳ್ತಿದ್ದೆ. ನಾನು ಯಾರಿಗೂ ಹೇಳಿಲ್ಲ, ಅದಕ್ಕೆ."

"ಒಂದು ನಿಮಿಷ," ಅಂದರು ಕಂಡಕ್ಟರು. ಅವರ ಮುಖದಲ್ಲಿ ನಗು ಇರಲಿಲ್ಲ. "ನನಗೆ ಅಂಚೆ ಕಚೇರಿ ಬೀದಿ ಅಂದಿದ್ದೆ. ಅದೂ ಸುಳ್ಳಾ?"

"ರೀ, ಅದು ಸುಮ್ನೆ..."

"ನನಗೂ ಒಂದು ಬೀದಿ ಕೊಟ್ಟಿದ್ದೀಯ. ನಾನೂ ಲಿಸ್ಟಲ್ಲಿದ್ದೆ."

"ನನಗೆ ಸ್ಕೂಲ್ ಹಿಂದೆ ಅಂದಿದ್ದೆ," ಅಂದಳು ಮಗಳು ನಿಧಾನವಾಗಿ. "ಅಮ್ಮ, ನಾನೂನಾ?"

"ಎಲ್ಲರಿಗೂ ಒಂದೇ ನ್ಯಾಯ ಇರ್ಲಿ ಅಂತ."

"ಒಳ್ಳೆ ನ್ಯಾಯ," ಅಂದರು ಕಂಡಕ್ಟರು. "ಇಷ್ಟು ವರ್ಷದ ಸಂಸಾರದಲ್ಲಿ ನಾನು ಪಾಸಾದೆ ಅಂತ ಇವತ್ತು ಗೊತ್ತಾಯ್ತು." ಅವರು ಕೈ ತೊಳೆದು ಜಗಲಿಗೆ ಹೋಗಿ ಕೂತರು.

ಮಗ ಆಗ ಬಾಯಿ ತೆರೆದ. "ಅಮ್ಮ, ಅವಳು ನನಗೂ ಹೇಳಿರ್ಲಿಲ್ಲ ಸೌದೆ ಡಿಪೋ ಅಂತ. ಸಭೆ ವಿಷಯ ಮನೆಯವರಿಗೂ ಹೇಳ್ಬಾರ್ದು ಅಂತ ನೀನೇ ಹೇಳಿದ್ದೆಯಂತೆ. ನನಗೇ ಹೇಳದೋಳು ಅಣ್ಣನಿಗೆ ಹೇಳ್ತಾಳಾ?"

"ಅದನ್ನ ಅವಳನ್ನೇ ಕೇಳು."

"ನಾನು ಯಾಕೆ ಕೇಳ್ಲಿ? ಕೇಳೋ ಕೆಲಸ ನಿನ್ನದು. ನೀನು ಕೇಳ್ಲೇ ಇಲ್ಲ."

ಸೋಮವಾರ ಅಧ್ಯಕ್ಷ ಬಂದು ಚಹಾ ಕುಡಿದು, ಕೊನೆಯ ಸಭೆಯ ವೇದಿಕೆಯಲ್ಲಿ ಸೊಸೆಗೆ ಅವಕಾಶವಿಲ್ಲ ಅಂತ ಹೇಳಿ ಹೋದ. ಮೇಲಿನವರಿಗೆ ಸುದ್ದಿ ಮುಟ್ಟಿತ್ತು. ಪಕ್ಷಕ್ಕಾಗಿ ಸ್ವಂತ ಸೊಸೆಯನ್ನೇ ಹಿಡಿದುಕೊಟ್ಟ ಹೆಂಗಸು ಅಂತ ಟೈಲರಮ್ಮನ ಹೆಸರು ಪಕ್ಕದ ವಾರ್ಡುಗಳಲ್ಲೂ ಓಡಾಡಿತು. ಆರೋಗ್ಯ ಕೇಂದ್ರದ ಪ್ರಶ್ನೆಯನ್ನು ಯಾರು ಕೇಳುತ್ತಾರೆ ಅಂತ ಸೊಸೆ ಬಾಗಿಲ ಮರೆಯಿಂದಲೇ ಕೇಳಿದಳು.

"ನೋಡೋಣಮ್ಮ," ಅಂದ ಅಧ್ಯಕ್ಷ, ಚಪ್ಪಲಿ ಮೆಟ್ಟುತ್ತಾ.

ಆ ಸಂಜೆಯಿಂದ ಒಂದೇ ಒಲೆಯ ಮೇಲೆ ಎರಡು ಕುಕ್ಕರ್ ಕೂತವು. ಸೊಸೆ ತನಗೂ ಗಂಡನಿಗೂ ಬೇರೆ ಬೇಯಿಸಿಕೊಂಡಳು. ಜಗಳವೇನೂ ಇರಲಿಲ್ಲ. ಮಾವನಿಗೆ ಹೊತ್ತು ಹೊತ್ತಿಗೆ ಮಾತ್ರೆ ಕೊಡುತ್ತಿದ್ದಳು, ಬಟ್ಟೆ ಒಣಗಿಸುತ್ತಿದ್ದಳು. "ಅತ್ತೆ, ಸ್ವಲ್ಪ ಸರೀತೀರಾ" ಅಂತ ಒಲೆಯ ಹತ್ತಿರ ಮರ್ಯಾದೆಯಿಂದ ಹೇಳುತ್ತಿದ್ದಳು. ಒಂದು ಕುಕ್ಕರ್ ಕೂಗಿದರೆ ಯಾರದ್ದು ಅಂತ ಇಬ್ಬರೂ ಎದ್ದು ನೋಡಬೇಕಾಗುತ್ತಿತ್ತು. ಕಂಡಕ್ಟರು ಎರಡೂ ಕಡೆ ಒಂದೊಂದು ಸೌಟು ಹಾಕಿಸಿಕೊಂಡು, ಜಗಲಿಯಲ್ಲಿ ಒಬ್ಬರೇ ಕೂತು ಉಣ್ಣುತ್ತಿದ್ದರು. ಹೆಂಡತಿ ಏನಾದರೂ ಹೇಳಿದರೆ, "ಇದು ನನಗೆ ಹೇಳೋದಾ, ಎಲ್ಲರಿಗೂ ಹೇಳೋದಾ?" ಅಂತ ಕೇಳುತ್ತಿದ್ದರು.

ಟೈಲರಮ್ಮ ಮತ್ತು ಅಧ್ಯಕ್ಷ ಈಗ ರೇಡಿಯೋ ಜೋರಾಗಿ ಹಾಕಿಕೊಂಡು, ಅದರ ಮರೆಯಲ್ಲಿ ಪಿಸುಗುಟ್ಟಿ ಬೀದಿ ನಿಶ್ಚಯಿಸುತ್ತಿದ್ದರು. ಆದರೂ ಮುಂದಿನ ಭಾನುವಾರ ಸೈಕಲ್ ಸ್ಟ್ಯಾಂಡಿನ ಬೀದಿಗೆ ಹೋದರೆ ಕುರ್ಚಿಗಳು ಸಾಲಾಗಿ ಬಂದು ನಿಂತಿದ್ದವು. ಜನ, ಸಭೆ ನಿನ್ನೆಯೇ ಆಯ್ತಲ್ಲ ಅಂದರು.

"ಇದನ್ನ ನಾನು ಮನೇಲಿ ಯಾರಿಗೂ ಹೇಳಿಲ್ಲ," ಅಂದಳು ಟೈಲರಮ್ಮ.

"ಕದ್ದು ಕೇಳಿರ್ತಾಳೆ. ನಿಮ್ಮ ರೇಡಿಯೋ ಇನ್ನೂ ಸ್ವಲ್ಪ ಜೋರಿರ್ಬೇಕಿತ್ತು," ಅಂದ ಅಧ್ಯಕ್ಷ.

ಟೈಲರಮ್ಮ ಅದನ್ನೂ ನಂಬಿದಳು. ಅಡುಗೆಮನೆಗೂ ಊಟದ ಮೇಜಿಗೂ ನಡುವೆ ಒಂದು ದಪ್ಪ ಪರದೆ ಹೊಲಿದು ಹಾಕಿದಳು.

ಪರದೆ ಹಾಕಿದ ಮರುದಿನ ಮಗಳು ಫೋನ್ ಹಿಡಿದು ನಗುತ್ತಾ ಬಂದಳು. ತಾಯಿಯ ಜೊತೆ ಅವಳು ಮಾತು ಕಡಿಮೆ ಮಾಡಿದ್ದಳು, ಆದರೆ ನಗು ತಡೆಯಲಾಗಲಿಲ್ಲ. "ನೋಡಮ್ಮ, ಅವರ ಅಭ್ಯರ್ಥಿ ಹೇಗೆ ನಿದ್ದೆ ಹೊಡೀತಿದ್ದಾನೆ. ಯಾರೋ ಫೋಟೋ ಹಾಕಿದ್ದಾರೆ. ಸೌದೆ ಡಿಪೋ ಓಣಿ."

ಟೈಲರಮ್ಮ ಕನ್ನಡಕ ಏರಿಸಿ ನೋಡಿದಳು. ಎದುರು ಪಕ್ಷದ ಅಭ್ಯರ್ಥಿ ಮುಂದಿನ ಸಾಲಿನಲ್ಲಿ ಬಾಯಿ ತೆರೆದು ಮಲಗಿದ್ದ. ಅವನ ಮೊಣಕೈ ಊರಿದ್ದ ಬಿಳಿ ಪ್ಲಾಸ್ಟಿಕ್ ಕುರ್ಚಿಯ ಕೈಗೆ ನೇರಳೆ ಪಟ್ಟಿ ಸುತ್ತಿತ್ತು.

"ದೊಡ್ಡದು ಮಾಡು."

ಮಗಳು ಬೆರಳಿನಿಂದ ಚಿತ್ರ ಹಿಗ್ಗಿಸಿದಳು. ಹೊಲಿಗೆ ಕಾಣಿಸಿತು. ತನ್ನ ಕೈಯ ಹೊಲಿಗೆಯನ್ನು ಟೈಲರಮ್ಮ ಬೇರೆ ಯಾರದ್ದೋ ಅನ್ನುವಂತಿರಲಿಲ್ಲ.

"ಇದು ಆ ಶನಿವಾರದ್ದಾ?"

"ಆ ಶನಿವಾರದ್ದೇ. ಯಾಕಮ್ಮ?"

ಟೈಲರಮ್ಮ ಚಪ್ಪಲಿ ಮೆಟ್ಟಿದಳು.

ಕುರ್ಚಿಯವನು ಅಂಗಡಿಯ ಮುಂದೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ಪ್ರಶ್ನೆ ಕೇಳಿ ಅವನಿಗೆ ಗಾಬರಿಯೇನೂ ಆಗಲಿಲ್ಲ.

"ಹೌದಮ್ಮ, ಅವರಿಗೂ ನಾನೇ ಕೊಡೋದು. ಈ ಊರಲ್ಲಿ ಇಷ್ಟು ಕುರ್ಚಿ ಇನ್ಯಾರ ಹತ್ರ ಇದೆ?"

"ನಾವು ಹೋಗೋ ಬೀದಿ ಅವರಿಗೆ ಹೇಗೆ ಗೊತ್ತಾಗುತ್ತೆ?"

"ಕೇಳ್ತಾರೆ, ಹೇಳ್ತೀನಿ. ಕುರ್ಚಿ ಈ ವಾರ ಯಾವ ಕಡೆ ಹೋಗ್ತಿದೆ ಅಂತಾರೆ. ಇಂಥ ಬೀದಿಗೆ, ಭಾನುವಾರಕ್ಕೆ ಅಂತೀನಿ. ಹಾಗಾದ್ರೆ ಶನಿವಾರವೇ ಇಳಿಸಿಬಿಡು, ನಮ್ಮದು ಮುಗಿಸ್ಕೋತೀವಿ, ಒಂದೇ ಸಾಗಣೆ ಆಗುತ್ತೆ ಅಂತಾರೆ. ನನಗೂ ಗಾಡಿ ಎರಡು ಸಲ ಹೋಗೋದು ತಪ್ಪುತ್ತೆ."

"ಅದನ್ನ ನಮಗೆ ಹೇಳೋದಲ್ವಾ?"

"ನೀವೇ ಹೊಗಳ್ತಿದ್ರಲ್ಲ, ಕುರ್ಚಿ ಮುಂಚೆಯೇ ಬಂದಿರುತ್ತೆ ಅಂತ. ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ." ಅವನು ಇನ್ನೊಂದು ಕುರ್ಚಿ ಎತ್ತಿಟ್ಟ. "ಗುಟ್ಟು ಅಂತ ನೀವು ಹೇಳ್ಲಿಲ್ಲ. ಕುರ್ಚಿಯಲ್ಲಿ ಗುಟ್ಟೇನಿರುತ್ತೆ ತಾಯಿ?"

ರಸ್ತೆಯಾಚೆ ಔಷಧಿ ಅಂಗಡಿಯ ಕೌಂಟರಿನಲ್ಲಿ ಸೊಸೆ ಯಾರಿಗೋ ಮಾತ್ರೆಯ ಪಟ್ಟಿ ಕತ್ತರಿಸಿ ಕೊಡುತ್ತಿದ್ದಳು. ಒಂದು ಸಲ ತಲೆಯೆತ್ತಿ ಅತ್ತೆಯನ್ನು ನೋಡಿದಳು, ಮತ್ತೆ ಕತ್ತರಿಗೆ ಕಣ್ಣು ಹಾಕಿದಳು. ರಸ್ತೆ ದಾಟಿದರೆ ಆಗುತ್ತಿತ್ತು. ಟೈಲರಮ್ಮ ದಾಟಲಿಲ್ಲ, ಅಧ್ಯಕ್ಷನ ಅಂಗಡಿಗೆ ಹೋದಳು.

ಅಧ್ಯಕ್ಷ ಪೂರ್ತಿ ಕೇಳಿ, ಮಿಕ್ಸಿಯ ಮುಚ್ಚಳ ಹಾಕಿದ. "ಈಗ ಇದನ್ನ ಎತ್ಬೇಡಿ ಅಕ್ಕ. ಮನೇಲೇ ಕಳ್ಳನ್ನ ಹಿಡಿದ್ರು ಅಂತ ಮೇಲಿನವರೆಗೂ ಸುದ್ದಿ ಹೋಗಿದೆ. ಈಗ ಹೋಗಿ ಕುರ್ಚಿ ಅಂದ್ರೆ ವಾರ್ಡಿಗೆ ವಾರ್ಡೇ ನಗುತ್ತೆ."

"ನಗ್ಲಿ. ಅವಳಿಗೆ ವೇದಿಕೆ ವಾಪಸ್ ಕೊಡಿ."

"ಮಾತಾಡೋರ ಪಟ್ಟಿ ಮೇಲೆ ಹೋಗಿಬಿಟ್ಟಿದೆ. ಅಲ್ಲದೆ," ಅವನು ದನಿ ತಗ್ಗಿಸಿದ, "ಕುರ್ಚಿಯಿಂದ ಹೋಗಿರ್ಬಹುದು, ಸರಿ. ಅವಳಿಂದ ಏನೂ ಹೋಗಿಲ್ಲ ಅಂತ ಹೇಗೆ ಹೇಳ್ತೀರಿ?"

ಆ ಮಾತು ಮನೆಯವರೆಗೂ ಟೈಲರಮ್ಮನ ಜೊತೆಗೇ ಬಂತು. ಪರದೆ ಸರಿಸಿ ಅಡುಗೆಮನೆಗೆ ಹೋದಳು. ಅಷ್ಟರಲ್ಲಿ ಅಂಗಡಿಯಿಂದ ಬಂದಿದ್ದ ಸೊಸೆ ಹಿಟ್ಟು ನಾದುತ್ತಿದ್ದಳು. ಹೇಳಬೇಕೆಂದಿದ್ದ ಮಾತು ಬಾಯಿಯವರೆಗೆ ಬಂತು, ಆದರೆ ಅದರ ಬದಲು, "ನಿಮ್ಮಣ್ಣ ಫೋನ್ ಮಾಡಿದ್ನಾ ಇವತ್ತು?" ಅಂತ ಕೇಳಿಬಿಟ್ಟಳು.

"ಮಾಡಿದ್ದ," ಅಂದಳು ಸೊಸೆ. "ಅಮ್ಮನಿಗೆ ಮಂಡಿನೋವು. ಏನು ಕೊಡ್ಲಿ ಅಂತ ಕೇಳಿದ. ಬೇಕಾದ್ರೆ ಫೋನ್ ನೋಡಿ ಅತ್ತೆ, ಮೇಜಿನ ಮೇಲಿದೆ."

ಕೊನೆಯ ಸಭೆ ಮಾರುಕಟ್ಟೆ ಬೀದಿಯಲ್ಲೇ ನಡೆಯಿತು. ಅಭ್ಯರ್ಥಿ ಬಂದ, ಹಾರ ಹಾಕಿಸಿಕೊಂಡ. ವಾರ್ಡಿನ ವರದಿ ಒಪ್ಪಿಸಲು ಟೈಲರಮ್ಮನನ್ನು ಕರೆದರು. ಅವಳು ಮೈಕಿನ ಮುಂದೆ ನಿಂತು ಎಷ್ಟು ಮನೆ ತಿರುಗಿದ್ದೇವೆ ಅನ್ನುವುದನ್ನು ಹೇಳಬೇಕಿತ್ತು.

"ನಾನು ಒಂದು ತಪ್ಪು ಮಾಡಿದ್ದೀನಿ," ಅಂದಳು. ಅಧ್ಯಕ್ಷ ಕೆಮ್ಮಿದ. ಅವಳು ನಿಲ್ಲಿಸಲಿಲ್ಲ. ಬೀದಿ ಬೀದಿಗೂ ಎದುರು ಪಕ್ಷ ಮೊದಲೇ ಹೋದದ್ದು, ತಾನು ಮನೆಯವರಿಗೆ ಒಬ್ಬೊಬ್ಬರಿಗೊಂದು ಬೀದಿ ಹೇಳಿದ್ದು, ಸೊಸೆಯನ್ನು ಹಿಡಿದೆ ಅಂದುಕೊಂಡದ್ದು, ಕೊನೆಗೆ ನೇರಳೆ ಪಟ್ಟಿಯ ಕುರ್ಚಿ. ಕುರ್ಚಿಯ ಮಾತು ಬಂದಾಗ ಜನ ನಗತೊಡಗಿದರು. ಎಲ್ಲರೂ ತಾವು ಕೂತ ಕುರ್ಚಿಯ ಕೈಗಳನ್ನು ನೋಡಿಕೊಂಡರು. ಹಿಂದಿನ ಸಾಲಿನಿಂದ ಯಾರೋ, "ಇಲ್ಲಿದೆ, ನನ್ನ ಹತ್ರ ಇದೆ," ಅಂತ ನೇರಳೆ ಪಟ್ಟಿಯ ಕುರ್ಚಿಯನ್ನು ತಲೆಯ ಮೇಲೆ ಎತ್ತಿ ಹಿಡಿದ. ಅಭ್ಯರ್ಥಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ನನ್ನ ಸೊಸೆ ಒಂದು ಪ್ರಶ್ನೆ ಕೇಳ್ಬೇಕು ಅಂತಿದ್ಳು," ಅಂದಳು ಟೈಲರಮ್ಮ. "ಆರೋಗ್ಯ ಕೇಂದ್ರದ ಬೀಗ..."

ನಗುವಿನಲ್ಲಿ ಉಳಿದದ್ದು ಯಾರಿಗೂ ಕೇಳಿಸಲಿಲ್ಲ. ಅಭ್ಯರ್ಥಿ ಎದ್ದು ಬಂದು ಅವಳ ಕೈಹಿಡಿದು ಮೇಲೆತ್ತಿ, "ಇಂಥ ಪ್ರಾಮಾಣಿಕ ತಾಯಂದಿರು ಇರೋ ಪಕ್ಷ ನಮ್ಮದು," ಅಂದ. ಚಪ್ಪಾಳೆ ಬಿತ್ತು. ಮಾತು ಅವನ ಎದುರಾಳಿಯ ನಿದ್ದೆಯ ಕಡೆ ತಿರುಗಿತು.

ಬೀದಿಯ ಉದ್ದಕ್ಕೂ ಧ್ವನಿವರ್ಧಕಗಳಿದ್ದವು. ಒಂದು ಔಷಧಿ ಅಂಗಡಿಯ ಎದುರಿನ ಕಂಬದಲ್ಲೇ ಇತ್ತು. ಅಂಗಡಿಯಲ್ಲಿದ್ದ ಗಿರಾಕಿಗಳು ಒಬ್ಬೊಬ್ಬರಾಗಿ ಸೊಸೆಯ ಕಡೆ ತಿರುಗಿದರು.

ಸಂಜೆ ಅವಳು ಮನೆಗೆ ಬಂದಾಗ ಎಲ್ಲರೂ ಮೇಜಿನ ಸುತ್ತ ಇದ್ದರು. ಕಂಡಕ್ಟರು ಕೂಡ ಜಗಲಿ ಬಿಟ್ಟು ಒಳಗೆ ಬಂದಿದ್ದರು. ಟೈಲರಮ್ಮ ಪರದೆಯನ್ನು ಕಿತ್ತು ಮಡಚಿಟ್ಟಿದ್ದಳು.

"ಕೇಳಿಸ್ತಾ?" ಅಂದಳು.

"ಬೀದಿಗೆಲ್ಲ ಕೇಳಿಸ್ತು ಅತ್ತೆ." ಸೊಸೆ ಚೀಲವನ್ನು ಮೊಳೆಗೆ ಸಿಕ್ಕಿಸಿದಳು. "ನೀವು ನನ್ನ ಅನುಮಾನಿಸಿದ್ದು ಈ ಮೇಜಿನ ಮೇಲೆ. ತಪ್ಪಾಯ್ತು ಅಂದಿದ್ದು ಮೈಕಿನಲ್ಲಿ. ಈ ಮೇಜಿನ ಮೇಲೆ ಇನ್ನೂ ಯಾರೂ ಏನೂ ಅಂದಿಲ್ಲ."

"ಎಲ್ಲರ ಮುಂದೆ ಹೇಳಿದ್ರೆ ನಿನಗೆ ಮರ್ಯಾದೆ ಅಂತ..."

"ಒಂದೇ ಒಂದು ಪ್ರಶ್ನೆ ಇತ್ತು ನನ್ನದು. ಅದು ಕುರ್ಚಿ ಕಥೆಯಲ್ಲಿ ಮುಳುಗಿಹೋಯ್ತು. ಇವತ್ತೂ ಒಬ್ಬಳು ಎದೆ ಹಿಡ್ಕೊಂಡು ಬಂದಿದ್ಳು ಕೌಂಟರಿಗೆ. ನೀವು ಮಾತಾಡಿದ್ದಕ್ಕೆ ಎಲ್ಲರೂ ನಕ್ಕರು, ಅವಳೂ ನಕ್ಕಳು." ಅವಳು ಮೇಜಿನ ಹತ್ತಿರ ಬಂದಳು. "ಅತ್ತೆ, ಒಂದು ಮಾತು ಕೇಳ್ಲಾ? ಇದೂ ಒಂದು ಬೀದಿ ಅಲ್ಲ ತಾನೇ? ನಾನು ಏನಂತೀನಿ ಅಂತ ನೋಡೋಕೆ?"

ಕಂಡಕ್ಟರು ಹೆಂಡತಿಯ ಮುಖ ನೋಡಿದರು. ಮಗಳೂ ನೋಡಿದಳು. ಅವರಿಬ್ಬರ ಕಣ್ಣಲ್ಲೂ ಅದೇ ಪ್ರಶ್ನೆ ಇತ್ತು.

"ತಪ್ಪಾಯ್ತು," ಅಂದಳು ಟೈಲರಮ್ಮ, ಮೇಜಿನ ಹಲಗೆ ನೋಡುತ್ತಾ. ಮೈಕಿನಲ್ಲಿ ಸಲೀಸಾಗಿ ಬಂದ ಮಾತು ಇಲ್ಲಿ ತಡೆದು ತಡೆದು ಬಂತು. "ಕೇಳ್ಬೇಕಿತ್ತು. ಕೇಳ್ಲಿಲ್ಲ."

"ಹೂಂ," ಅಂದಳು ಸೊಸೆ. ಅಂದು ಎರಡೂ ಕುಕ್ಕರ್ ಕೂಗಿದವು.

ಮತದಾನದ ದಿನ ಆ ಮನೆಯದ್ದೊಂದು ರೂಢಿಯಿತ್ತು. ಎಲ್ಲರೂ ಒಟ್ಟಿಗೆ ಹೊರಟು, ಒಟ್ಟಿಗೆ ಸಾಲಿನಲ್ಲಿ ನಿಂತು, ಒಟ್ಟಿಗೆ ವಾಪಸ್ ಬಂದು, ಚಹಾ ಕುಡಿಯುತ್ತಾ ಯಾರಿಗೆ ಹಾಕಿದೆ ಅಂತ ಜೋರಾಗಿ ಹೇಳಿಕೊಳ್ಳುವುದು. ಉತ್ತರ ಎಲ್ಲರಿಗೂ ಮೊದಲೇ ಗೊತ್ತಿರುತ್ತಿತ್ತು. ಈ ಸಲ ಟೈಲರಮ್ಮ ಬೆಳಗಿನಿಂದ ಮತಗಟ್ಟೆಯ ಹೊರಗೆ ಪಕ್ಷದ ಮೇಜಿನಲ್ಲಿದ್ದಳು. ಕಂಡಕ್ಟರು ಮಗನ ಜೊತೆ ಬಂದು ಹೋದರು. ಮಗಳು ಗೆಳತಿಯರ ಜೊತೆ ಬಂದಳು. ಸೊಸೆ ಮಧ್ಯಾಹ್ನ ಅಂಗಡಿಯಿಂದ ನೇರವಾಗಿ ಬಂದಳು. ಅತ್ತೆಯ ಮೇಜಿಗೂ ಬರಲಿಲ್ಲ, ಎದುರು ಪಕ್ಷದ ಮೇಜಿಗೂ ಹೋಗಲಿಲ್ಲ. ಎರಡರ ನಡುವೆ ನಡೆದು ಒಳಗೆ ಹೋದಳು, ಬೆರಳ ಮೇಲಿನ ಶಾಯಿ ಊದಿಕೊಳ್ಳುತ್ತಾ ಹೊರಗೆ ಬಂದಳು, ಹೋದಳು.

"ನಿಮ್ಮ ಸೊಸೆ ಯಾರಿಗೆ ಹಾಕಿದ್ಲು?" ಅಂದ ಅಧ್ಯಕ್ಷ.

"ನಿಮ್ಮ ಹೆಂಡ್ತಿ ಯಾರಿಗೆ ಹಾಕಿದ್ರು?" ಅಂದಳು ಟೈಲರಮ್ಮ.

ಸಂಜೆ ಮನೆಗೆ ಬಂದಾಗ ಒಲೆಯ ಮೇಲೆ ಒಂದೇ ಕುಕ್ಕರ್ ಇತ್ತು. ದೊಡ್ಡದು. ಟೈಲರಮ್ಮ ಅದನ್ನು ನೋಡಿ, ಕೈಕಾಲು ತೊಳೆದು ಬಂದು ಕೂತಳು. ಕಂಡಕ್ಟರು ತಮ್ಮ ತಟ್ಟೆಯನ್ನು ಜಗಲಿಯಿಂದ ತಂದುಕೊಂಡರು. ಯಾರೂ ಮತದ ವಿಷಯ ಎತ್ತಲಿಲ್ಲ. ಮಗಳು ಒಮ್ಮೆ ಬಾಯಿ ತೆರೆದಳು, ಅಪ್ಪ ನೋಡಿದ್ದರಿಂದ ನೀರು ಕುಡಿದಳು.

ಸೊಸೆ ಬಡಿಸುತ್ತಾ ಬಂದಳು. ಪಾತ್ರೆ ಹಿಡಿದ ಎಡಗೈ ಬೆರಳಿನ ಉಗುರಿನ ಮೇಲೆ ಶಾಯಿ ಕಪ್ಪಾಗಿ ಹೊಳೆಯುತ್ತಿತ್ತು. ಟೈಲರಮ್ಮನ ಕಣ್ಣು ಅಲ್ಲೇ ನಿಂತಿತ್ತು.

"ಕೇಳಿಬಿಡಿ ಅತ್ತೆ," ಅಂದಳು ಸೊಸೆ.

"ಏನನ್ನ?"

"ಕೇಳ್ಬೇಕು ಅಂತಿರೋದನ್ನ."

ಎಲ್ಲರ ಕೈಗಳೂ ತಟ್ಟೆಯಲ್ಲಿ ನಿಂತವು.

"ಉಪ್ಪು ಎಲ್ಲಿಟ್ಟಿದ್ದೀಯ," ಅಂದಳು ಟೈಲರಮ್ಮ. "ಬೇಳೆಗೆ ಸ್ವಲ್ಪ ಕಡಿಮೆಯಾಗಿದೆ."

ಸೊಸೆ ಅತ್ತೆಯ ಮುಖ ನೋಡಿದಳು, ತಟ್ಟೆ ನೋಡಿದಳು. ಅತ್ತೆ ಬೇಳೆಯನ್ನು ಇನ್ನೂ ಮುಟ್ಟಿರಲಿಲ್ಲ.

ಅವಳು ಉಪ್ಪಿನ ಡಬ್ಬಿ ತಂದು ಮೇಜಿನ ನಡುವೆ ಇಟ್ಟಳು.